ಗಾಡಿ ದಾರಿಗಳ ಕಮಿಷನರ್ ಸರ್ ಮಾರ್ಕ್ ಕಬ್ಬನ್

ಕಬ್ಬನ್ ಎಂದೊಡನೆ ಬೆಂಗಳೂರಿನ ಉದ್ಯಾನವನ ನೆನಪಾಗುತ್ತದೆ. ಆದರೆ ಆ ಹೆಸರಿನ ಅಧಿಕಾರಿಯು ಮೈಸೂರು ಸೀಮೆಯ ಸರಕು ಸಾಗಣೆಯ ಲೆಕ್ಕವನ್ನೇ ಬದಲಿಸಿದರೆಂಬುದು ಅನೇಕರಿಗೆ ತಿಳಿಯದು.

1775ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಜನಿಸಿದ ಮಾರ್ಕ್ ಕಬ್ಬನ್, ಕಂಪನಿಯ ಮದರಾಸು ಸೈನ್ಯವನ್ನು ಸೇರಿ, ದಂಡಿಗೆ ಧಾನ್ಯ ಹಾಗೂ ಎತ್ತುಗಳನ್ನು ಒದಗಿಸುವ ಕಮಿಸರಿಯಟ್ ಇಲಾಖೆಯಲ್ಲಿ ದುಡಿದರು. ನಗರದ ರೈತ ದಂಗೆಯ ನಂತರ 1831ರಲ್ಲಿ ಕಂಪನಿಯು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡಿತು. 1834ರಲ್ಲಿ ಕಬ್ಬನ್ ಕಮಿಷನರ್ ಆದರು.

ಆಗ ಸರಕು ಹೆಚ್ಚಾಗಿ ಹೇರಿನ ಎತ್ತುಗಳ ಬೆನ್ನ ಮೇಲೆ ಸಾಗುತ್ತಿತ್ತು. ದಾರಿಯುದ್ದಕ್ಕೂ ಸಾಯಿರ್ ಸುಂಕದ ಕಟ್ಟೆಗಳಿದ್ದವು. ಸಾಗಣೆಯ ಖರ್ಚು ಎರಡು ಬಗೆಯದು. ಹೇರು ಹೆಚ್ಚಿದಂತೆ, ದಾರಿ ಬೆಳೆದಂತೆ ಏರುವುದು ಒಂದು. ಮೂಟೆ ಎಷ್ಟೇ ಇರಲಿ ಒಮ್ಮೆಗೇ ತೆರಬೇಕಾದ ನಿಶ್ಚಿತ ವೆಚ್ಚ ಇನ್ನೊಂದು. ಮಿರ್ಲೆಯ ರೈತನೊಬ್ಬನು ಮೈಸೂರಿಗೆ ಭತ್ತ ಒಯ್ಯುವನೆಂದು ಭಾವಿಸೋಣ. ನಿಶ್ಚಿತ ವೆಚ್ಚ 10 ರೂಪಾಯಿಯಾದರೆ 10 ಮೂಟೆಯವನಿಗೆ ಮೂಟೆಗೆ 1 ರೂಪಾಯಿ, 50 ಮೂಟೆಯವನಿಗೆ 20 ಪೈಸೆ ಬೀಳುತ್ತದೆ. ನಲುಗುವವನು ಸಣ್ಣ ಹಿಡುವಳಿದಾರ.

1954ರಲ್ಲಿ ಅಮೆರಿಕದ ವಾರೆನ್ ಹಿರ್ಷ್ ಮತ್ತು ಜಾರ್ಜ್ ಡ್ಯಾಂಟ್ಜಿಗ್ ಇಂತಹ ನಿಶ್ಚಿತ ವೆಚ್ಚದ ಸಮಸ್ಯೆಗೆ ಗಣಿತದ ರೂಪ ಕೊಟ್ಟರು. ಯಾವ ದಾರಿಯನ್ನು ಬಳಸುವುದು, ಯಾವುದನ್ನು ಬಿಡುವುದು ಎಂಬುದೇ ಅದರ ತೊಡಕು. 10 ದಾರಿಗಳಿದ್ದರೆ 1,024 ಬಗೆಯ ಆಯ್ಕೆಗಳು ಎದುರಾಗುತ್ತವೆ.

ಕಬ್ಬನ್ ಗಣಿತಜ್ಞರಲ್ಲ, ಆಡಳಿತಗಾರರಾಗಿ ಎರಡೂ ವೆಚ್ಚಗಳಿಗೆ ಕೈಹಾಕಿದರು. ಅವರ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳು ನಿರ್ಮಾಣಗೊಂಡವು. ಘಟ್ಟದ ದಾರಿಗಳು ತೆರೆದವು. ಒಂದು ಜೋಡಿ ಎತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಬಹಳ ಹೆಚ್ಚು ಭಾರವನ್ನು ಗಾಡಿಯಲ್ಲಿ ಎಳೆಯಬಲ್ಲುದಾದ್ದರಿಂದ ಮೂಟೆಯೊಂದರ ಬಾಡಿಗೆ ಇಳಿಯಿತು. ರಸ್ತೆಯ ಭಾರೀ ವೆಚ್ಚವನ್ನು ಸರ್ಕಾರವೇ ಹೊತ್ತಿತು. ಆ ಹಣವೂ ರೈತರ ಕಂದಾಯದ್ದೇ, ರಸ್ತೆಗಳು ದಂಡಿಗೂ ಕಾಫಿ ತೋಟದವರಿಗೂ ನೆರವಾದವು ಎಂಬುದನ್ನು ಮರೆಯಲಾಗದು.

1861ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಹೊರಟ ಕಬ್ಬನ್ ಸೂಯೆಜ್‌ನಲ್ಲಿ ಕೊನೆಯುಸಿರೆಳೆದರು. ಬೆಂಗಳೂರಿಗೆ ರೈಲು ಬಂದುದು 1864ರಲ್ಲಿ.

ಲಾರಿ ಅರ್ಧ ತುಂಬಿದರೂ ಪೂರ್ತಿ ಬಾಡಿಗೆ ತೆರಬೇಕಾದ ರೈತನ ಪಾಲಿಗೆ ಆ ಲೆಕ್ಕ ಇಂದಿಗೂ ಮುಗಿದಿಲ್ಲ. ನಾಲ್ವರು ಕೂಡಿ ಒಂದೇ ಲಾರಿ ತುಂಬಿಸಿದರೆ ನಿಶ್ಚಿತ ವೆಚ್ಚ ನಾಲ್ವರಿಗೂ ಹಂಚಿಹೋಗುತ್ತದೆ.