ಹಾಡಿನಲ್ಲಿ ಉಳಿದ ನಾಡು

ಹಿರಿಯರು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ ಹಲವು ಬಗೆಯದು. ಕೆಲವರು ಹೊಲಮನೆಗಳನ್ನು, ಕೆಲವರು ವಿದ್ಯೆಯನ್ನು, ಮತ್ತೆ ಕೆಲವರು ಒಳ್ಳೆಯ ಹೆಸರನ್ನು ಬಿಟ್ಟುಹೋಗುತ್ತಾರೆ. ಆದರೆ ಒಂದು ಜನಾಂಗವನ್ನೇ ಅದರ ನೆಲದಿಂದ ಬೇರುಸಹಿತ ಕಿತ್ತೊಗೆದಾಗ, ಬದುಕಿ ಉಳಿದವರ ಬಳಿ ಮಕ್ಕಳಿಗೆ ಕೊಡಲು ದುಃಖವೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಆ ದುಃಖವು ಮಾತಿನ ನೆರವಿಲ್ಲದೆಯೇ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ. ಅಂತಹ ದುಃಖಕ್ಕೆ ಒಳಗಾದ ತಮ್ಮ ಜನರಿಗಾಗಿ ಹಾಡಿನ ಒಂದು ದೊಡ್ಡ ನಿಧಿಯನ್ನೂ ಬಿಟ್ಟುಹೋದ ಮಹನೀಯರೊಬ್ಬರಿದ್ದರು. ಅವರೇ ಆರ್ಮೇನಿಯದ ಸಂಗೀತಜ್ಞ ಕೊಮಿತಾಸ್.

ಆರ್ಮೇನಿಯನ್ನರು ಬಹು ಪ್ರಾಚೀನ ಜನರು. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಣ ಪರ್ವತಪ್ರದೇಶ ಅವರ ನಾಡು. ನಾಲ್ಕನೆಯ ಶತಮಾನದ ಆರಂಭದಲ್ಲಿಯೇ ಅವರು ಕ್ರೈಸ್ತ ಮತವನ್ನು ಸ್ವೀಕರಿಸಿದರು. ಅವರಿಗೆ ತಮ್ಮದೇ ಆದ ಭಾಷೆಯೂ ಲಿಪಿಯೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರಲ್ಲಿ ಬಹುಮಂದಿ ತುರ್ಕಿಯ ಆಟೊಮನ್ ಸಾಮ್ರಾಜ್ಯದಲ್ಲಿಯೂ ರಷ್ಯದ ಸಾಮ್ರಾಜ್ಯದಲ್ಲಿಯೂ ಹಂಚಿಹೋಗಿದ್ದರು.

ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ ಕುತಾಹ್ಯಾ ಎಂಬ ಪಟ್ಟಣದಲ್ಲಿ 1869ರಲ್ಲಿ ಸೊಗೊಮೊನ್ ಎಂಬ ಬಾಲಕನು ಜನಿಸಿದನು. ತಂದೆ ಪಾದರಕ್ಷೆಗಳನ್ನು ಮಾಡಿ ಜೀವನ ಸಾಗಿಸುತ್ತಿದ್ದನು. ತಂದೆತಾಯಿಗಳಿಬ್ಬರಿಗೂ ಇಂಪಾದ ಕಂಠವಿತ್ತು; ಹಾಡು ಕಟ್ಟುವ ಶಕ್ತಿಯೂ ಇತ್ತು. ಆದರೆ ಆ ಸುಖ ಮಗನ ಪಾಲಿಗೆ ಬರಲಿಲ್ಲ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. 1880ರಲ್ಲಿ ತಂದೆಯೂ ಗತಿಸಿದನು. ಅನಾಥನಾದ ಹುಡುಗನಿಗೆ ಅಜ್ಜಿಯೊಬ್ಬಳೇ ಆಸರೆಯಾದಳು.

ಆ ಕಾಲದಲ್ಲಿ ಆರ್ಮೇನಿಯನ್ ಧರ್ಮಪೀಠವಿದ್ದ ಎಚ್ಮಿಯಾಡ್ಜಿನ್‌ನ ಗುರುಕುಲಕ್ಕೆ ಒಳ್ಳೆಯ ಕಂಠವುಳ್ಳ ಅನಾಥ ಬಾಲಕನೊಬ್ಬನು ಬೇಕಾಗಿದ್ದನು. ಊರಿನ ಪಾದ್ರಿ 1881ರಲ್ಲಿ ಸೊಗೊಮೊನ್‌ನನ್ನು ಅಲ್ಲಿಗೆ ಕರೆದೊಯ್ದರು. ಹುಡುಗನಿಗೆ ತುರ್ಕಿ ಭಾಷೆಯ ಹೊರತು ಬೇರೆ ಮಾತು ಬರುತ್ತಿರಲಿಲ್ಲ. ಕುತಾಹ್ಯಾದ ಆರ್ಮೇನಿಯನ್ನರ ಮನೆಮಾತೇ ತುರ್ಕಿಯಾಗಿದ್ದಿತು. ಸ್ವಂತ ಜನರ ಭಾಷೆಯನ್ನರಿಯದ ಬಾಲಕನನ್ನು ಕಂಡು ಧರ್ಮಗುರುಗಳಿಗೆ ಅಸಮಾಧಾನವಾಯಿತು. ಆಗ ಆತನು ಆರ್ಮೇನಿಯನ್ ಭಾಷೆಯ ಸ್ತೋತ್ರವೊಂದನ್ನು ಹಾಡಿದನು. ಅರ್ಥ ತಿಳಿಯದೆ ಹಾಡಿದ ಆ ಗಾನವನ್ನು ಕೇಳಿ ಗುರುಗಳ ಮನಸ್ಸು ಕರಗಿತು. ಗುರುಕುಲದ ಬಾಗಿಲು ಅವನಿಗೆ ತೆರೆಯಿತು. ಭಾಷೆಗಿಂತ ಮೊದಲೇ ಹಾಡು ಅವನನ್ನು ತನ್ನ ಜನರೊಡನೆ ಕೂಡಿಸಿತು.

ಸೊಗೊಮೊನ್ ಕೆಲವೇ ವರ್ಷಗಳಲ್ಲಿ ಭಾಷೆಯನ್ನು ಕಲಿತು, ಶಾಸ್ತ್ರಗಳನ್ನು ಓದಿ, ಸಂಗೀತದಲ್ಲಿ ಪ್ರಾವೀಣ್ಯವನ್ನು ಪಡೆದನು. 1893ರಲ್ಲಿ ವ್ಯಾಸಂಗ ಮುಗಿಯಿತು. ಅನಂತರ ಸನ್ಯಾಸ ದೀಕ್ಷೆಯನ್ನು ಸ್ವೀಕರಿಸಿದಾಗ, ಏಳನೆಯ ಶತಮಾನದ ಧರ್ಮಗುರುವೂ ಸ್ತೋತ್ರಕಾರನೂ ಆಗಿದ್ದ ಕೊಮಿತಾಸನ ಹೆಸರನ್ನು ಅವರಿಗೆ ಇಡಲಾಯಿತು. ಅದೇ 1893ರಲ್ಲಿ ಅವರು ಹುಟ್ಟೂರಿಗೆ ಒಮ್ಮೆ ಹೋಗಿ ಬಂದರು. ತಾಯಿಯ ಮುಖವನ್ನು ನೆನಪಿನಲ್ಲಿಟ್ಟುಕೊಳ್ಳುವಷ್ಟು ಕಾಲವೂ ಆಕೆ ಬದುಕಿರಲಿಲ್ಲವಷ್ಟೆ. ಆದರೆ ಆಕೆಯೂ ತಂದೆಯೂ ಕಟ್ಟಿದ ಹಾಡುಗಳನ್ನು ಊರಿನ ಮುದುಕರು ಇನ್ನೂ ಹಾಡುತ್ತಿದ್ದರು. ಮಗನು ಅವರ ಬಾಯಿಂದ ಕೇಳಿ ಕೆಲವನ್ನು ಬರೆದುಕೊಂಡರು. ಕಾಣದ ತಾಯಿಯನ್ನು ಹಾಡಿನಲ್ಲಿ ಕಾಣಬಹುದೆಂಬ ಈ ಅನುಭವವು ಅವರ ಮುಂದಿನ ಬಾಳಿನ ಕೆಲಸಕ್ಕೆ ಮುನ್ಸೂಚನೆಯಂತಿತ್ತು.

1896ರಲ್ಲಿ ಕೊಮಿತಾಸರು ಉನ್ನತ ಶಿಕ್ಷಣಕ್ಕಾಗಿ ಜರ್ಮನಿಯ ಬರ್ಲಿನ್ ನಗರಕ್ಕೆ ತೆರಳಿದರು. ಮೂರು ವರ್ಷಗಳ ಕಾಲ ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿ 1899ರಲ್ಲಿ ಹಿಂದಿರುಗಿದರು. ಅನಂತರ ಹಳ್ಳಿಹಳ್ಳಿಗಳನ್ನು ಸುತ್ತತೊಡಗಿದರು. ಉಳುವಾಗಿನ ಹಾಡು, ಮದುವೆಯ ಹಾಡು, ಜೋಗುಳ, ಶೋಕಗೀತೆ, ಕುಣಿತದ ಹಾಡು, ಇವೆಲ್ಲವನ್ನೂ ಸ್ವರಲಿಪಿಯಲ್ಲಿ ಗುರುತು ಹಾಕಿಕೊಂಡರು. ರೈತನ ಹಾಡು ಅವನ ಕೆಲಸದೊಡನೆ ಹುಟ್ಟುತ್ತದೆ. ನೇಗಿಲ ಹಾಡನ್ನು ಹೊಲದಲ್ಲಿಯೇ ಕೇಳಬೇಕಲ್ಲದೆ ಮನೆಯ ಜಗಲಿಯಲ್ಲಿ ಕುಳಿತು ಕೇಳಬಾರದು ಎಂಬುದು ಅವರ ನಿಲುವು. ಲೋರಿ ಪ್ರಾಂತದ ನೇಗಿಲ ಹಾಡೊಂದರ ಮೇಲೆ ಅವರು ಬರೆದ ಪ್ರಬಂಧವು ವಿದ್ವಾಂಸರ ಮೆಚ್ಚುಗೆಯನ್ನು ಪಡೆದಿದೆ. ಹೀಗೆ ಅವರು ಸಂಗ್ರಹಿಸಿದ ಹಾಡುಗಳು ಮೂರು ಸಾವಿರಕ್ಕೂ ಹೆಚ್ಚೆಂದು ಅಂದಾಜು ಮಾಡಲಾಗಿದೆ. ನೆರೆಯ ಕುರ್ದಿ ಜನರ ಹಾಡುಗಳನ್ನೂ ಅವರು ಅಷ್ಟೇ ಅಕ್ಕರೆಯಿಂದ ಸಂಗ್ರಹಿಸಿ ಪ್ರಕಟಿಸಿದರು.

1906ರಲ್ಲಿ ಪ್ಯಾರಿಸ್ ನಗರದಲ್ಲಿ ಅವರು ನಡೆಸಿದ ಕಛೇರಿಯು ಆರ್ಮೇನಿಯದ ಸಂಗೀತವನ್ನು ಯುರೋಪಿಗೆ ಪರಿಚಯಿಸಿತು. ಆದರೆ ಸನ್ಯಾಸಿಯಾದವನು ಪ್ರೇಮಗೀತೆಗಳನ್ನು ಹಾಡಿಸುವುದೇ, ದೇವರ ಸ್ತೋತ್ರಗಳನ್ನು ನಾಟಕಶಾಲೆಗಳಿಗೆ ಒಯ್ಯುವುದೇ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಇದರಿಂದ ನೊಂದ ಕೊಮಿತಾಸರು 1910ರಲ್ಲಿ ಆಟೊಮನ್ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ, ಎಂದರೆ ಇಂದಿನ ಇಸ್ತಾಂಬುಲ್‌ಗೆ, ಬಂದು ನೆಲೆಸಿದರು. ಅಲ್ಲಿ ಗುಸಾನ್ ಎಂಬ ಹೆಸರಿನ, ಸುಮಾರು 300 ಮಂದಿಯ ಗಾಯಕವೃಂದವನ್ನು ಕಟ್ಟಿದರು.

ಆ ವೇಳೆಗೆ ಮೊದಲನೆಯ ಮಹಾಯುದ್ಧವು ಆರಂಭವಾಯಿತು. 1915ನೆಯ ಏಪ್ರಿಲ್ 24ರ ರಾತ್ರಿ ರಾಜಧಾನಿಯಲ್ಲಿದ್ದ 200ಕ್ಕೂ ಹೆಚ್ಚು ಮಂದಿ ಆರ್ಮೇನಿಯನ್ ಕವಿಗಳು, ಪತ್ರಕರ್ತರು, ವೈದ್ಯರು ಮತ್ತು ಶಿಕ್ಷಕರನ್ನು ಸರ್ಕಾರವು ಬಂಧಿಸಿತು. ಕೊಮಿತಾಸರೂ ಅವರಲ್ಲಿ ಒಬ್ಬರು. ಅವರನ್ನು ಒಳನಾಡಿನ ಚಾಂಕಿರಿ ಎಂಬ ಊರಿಗೆ ಸಾಗಿಸಲಾಯಿತು. ಅನಂತರ ನಾಡಿನ ಉದ್ದಗಲಕ್ಕೂ ಆರ್ಮೇನಿಯನ್ನರನ್ನು ಊರುಗಳಿಂದ ಹೊರದೂಡಿದರು. ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ವೃದ್ಧರನ್ನೂ ಸಿರಿಯದ ಮರುಭೂಮಿಯ ಕಡೆಗೆ ನಡೆಸಿದರು. ಹತ್ತು ಲಕ್ಷದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಮಡಿದರೆಂದು ಬಹುಮಂದಿ ಇತಿಹಾಸಕಾರರು ಹೇಳುತ್ತಾರೆ. ಆ ಕತ್ತಲಲ್ಲಿಯೂ ಮಾನವೀಯತೆಯ ದೀಪ ಪೂರ್ತಿಯಾಗಿ ಆರಲಿಲ್ಲ. ಕೊಮಿತಾಸರ ಹುಟ್ಟೂರಾದ ಕುತಾಹ್ಯಾದ ಅಧಿಕಾರಿ ಫಾಯಿಕ್ ಅಲಿ ಬೇ ಗಡೀಪಾರಿನ ಆಜ್ಞೆಯನ್ನು ಜಾರಿಗೆ ತರಲು ಒಪ್ಪಲಿಲ್ಲ.

ಕೆಲವರ ಪ್ರಯತ್ನದ ಫಲವಾಗಿ ಸುಮಾರು ಎರಡು ವಾರಗಳಲ್ಲಿ ಕೊಮಿತಾಸರಿಗೂ ಇತರ ಕೆಲವರಿಗೂ ಬಿಡುಗಡೆಯ ಆಜ್ಞೆ ಬಂದಿತು. ಅವರು ರಾಜಧಾನಿಗೆ ಹಿಂದಿರುಗಿದರು. ಜೊತೆಯಲ್ಲಿ ಸೆರೆಯಾಗಿದ್ದ ಬಹುಮಂದಿ ಹಿಂದಿರುಗಲಿಲ್ಲ. ದಾನಿಯೆಲ್ ವರುಜಾನ್, ರುಬೆನ್ ಸೆವಾಕ್ ಎಂಬ ಕವಿಗಳನ್ನು ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕೊಲ್ಲಲಾಯಿತು. ಬದುಕಿ ಬಂದ ಕೊಮಿತಾಸರ ದೇಹಕ್ಕೆ ಗಾಯವಾಗಿರಲಿಲ್ಲ. ಮನಸ್ಸು ಮಾತ್ರ ಒಡೆದಿತ್ತು. 1916ರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 1919ರಲ್ಲಿ ಮಿತ್ರರು ಅವರನ್ನು ಪ್ಯಾರಿಸ್‌ಗೆ ಕರೆದೊಯ್ದರು. ಅಲ್ಲಿನ ಮಾನಸಿಕ ಚಿಕಿತ್ಸಾಲಯಗಳಲ್ಲಿ ಅವರ ಉಳಿದ ಬಾಳು ಕಳೆಯಿತು. ಅವರು ಮತ್ತೆ ಸಂಗೀತ ರಚನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ನೋಡಲು ಬಂದವರೊಡನೆ ಮಾತನಾಡುವುದೂ ಅಪರೂಪವಾಯಿತು. 1935ನೆಯ ಅಕ್ಟೋಬರ್ 22ರಂದು ಅವರು ಕಣ್ಣುಮುಚ್ಚಿದರು. ಅವರ ಸಂಗ್ರಹದ ಬಹುಭಾಗವೂ ಕಳೆದುಹೋಯಿತು. ಸುಮಾರು 1,200 ಹಾಡುಗಳು ಮಾತ್ರ ಉಳಿದುಬಂದಿವೆ.

ಕೊಮಿತಾಸರ ಮೌನವು ಅವರೊಬ್ಬರದೇ ಆಗಿರಲಿಲ್ಲ. ಸಿರಿಯ, ಲೆಬನಾನ್, ಫ್ರಾನ್ಸ್, ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳಲ್ಲಿ ಹಿರಿಯರು ಕಂಡದ್ದನ್ನು ಮಕ್ಕಳಿಗೆ ಹೇಳಲಾರದೆ ಉಳಿದರು. ಆದರೂ ಮಕ್ಕಳು ಹೇಳದ ಮಾತನ್ನು ಅರಿತರು. ಹಿರಿಯರ ಬೆಚ್ಚುವಿಕೆ, ರಾತ್ರಿಯ ಅಳು, ಒಂದು ಊರಿನ ಹೆಸರು ಬಂದೊಡನೆ ಮುಚ್ಚುವ ಬಾಯಿ, ಇವೇ ಅವರಿಗೆ ಪಾಠವಾದವು. ಇಂತಹ ನರಮೇಧಗಳಿಂದ ಪಾರಾದವರ ಮಕ್ಕಳ ಮನಸ್ಸಿನಲ್ಲಿಯೂ ಆ ನೋವಿನ ಗುರುತು ಇರಬಲ್ಲದೆಂಬುದನ್ನು 1960ರ ದಶಕದಿಂದೀಚೆಗೆ ಮನೋವೈದ್ಯರು ಅಧ್ಯಯನ ಮಾಡಿ ತೋರಿಸಿದ್ದಾರೆ. ತುರ್ಕಿಯಲ್ಲಿಯೇ ಉಳಿದು, ಹೆಸರನ್ನೂ ಮತವನ್ನೂ ಬದಲಾಯಿಸಿಕೊಳ್ಳಬೇಕಾಗಿ ಬಂದ ಮಕ್ಕಳೂ ಇದ್ದರು. ಅಲ್ಲಿನ ವಕೀಲೆ ಫೆತಿಯೆ ಚೆತಿನ್ ತಮ್ಮ ಅಜ್ಜಿ ಅಂತಹ ಆರ್ಮೇನಿಯನ್ ಬಾಲಕಿಯಾಗಿದ್ದಳೆಂಬುದನ್ನು ಬಹುಕಾಲದ ಮೇಲೆ ತಿಳಿದು, 2004ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ತುರ್ಕಿಯ ಸರ್ಕಾರವು ಈ ಘಟನೆಯನ್ನು ನರಮೇಧವೆಂದು ಒಪ್ಪಿಕೊಂಡಿಲ್ಲ. ನೋವನ್ನು ನೋವೆಂದು ಒಪ್ಪದಿರುವಾಗ ಗಾಯ ಮಾಯುವುದು ಕಷ್ಟ.

ಮೌನವನ್ನು ಮುರಿದವರು ಮಕ್ಕಳು ಮತ್ತು ಮೊಮ್ಮಕ್ಕಳು. ಘಟನೆಗೆ 50 ವರ್ಷ ತುಂಬಿದ 1965ರ ಏಪ್ರಿಲ್ 24ರಂದು, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಯೆರೆವಾನ್ ನಗರದಲ್ಲಿ ಅಪಾರ ಜನರು ಬೀದಿಗಿಳಿದು ಸ್ಮಾರಕ ಬೇಕೆಂದು ಕೇಳಿದರು. 1967ರಲ್ಲಿ ಅಲ್ಲಿನ ಗುಡ್ಡವೊಂದರ ಮೇಲೆ ಸ್ಮಾರಕವು ಸಿದ್ಧವಾಯಿತು. ವೃತ್ತಾಕಾರವಾಗಿ ನಿಂತು ಒಳಕ್ಕೆ ಬಾಗಿದ 12 ಕಲ್ಲಿನ ಚಪ್ಪಡಿಗಳು. ಅವುಗಳ ನಡುವೆ ಆರದೆ ಉರಿಯುವ ಜ್ಯೋತಿ. ಪ್ರತಿವರ್ಷವೂ ಏಪ್ರಿಲ್ 24ರಂದು ಜನರು ಸಾಲುಗಟ್ಟಿ ಬಂದು ಆ ಜ್ಯೋತಿಯ ಸುತ್ತ ಹೂವಿಡುತ್ತಾರೆ.

ಕೊಮಿತಾಸರ ಅವಶೇಷಗಳನ್ನು 1936ರಲ್ಲಿಯೇ ಯೆರೆವಾನ್‌ಗೆ ತಂದು ಸಮಾಧಿ ಮಾಡಲಾಗಿತ್ತು. ಅಲ್ಲಿನ ಸಂಗೀತ ವಿದ್ಯಾಲಯವು ಅವರ ಹೆಸರನ್ನು ಹೊತ್ತಿದೆ. ಪ್ಯಾರಿಸ್ ನಗರದಲ್ಲಿ 2003ರಲ್ಲಿ ನರಮೇಧದ ಸ್ಮಾರಕವನ್ನು ಸ್ಥಾಪಿಸಿದಾಗ, ಅಲ್ಲಿ ನಿಲ್ಲಿಸಿದ್ದು ಯಾವ ಸೇನಾನಿಯ ಮೂರ್ತಿಯನ್ನೂ ಅಲ್ಲ, ಕೊಮಿತಾಸರ ಮೂರ್ತಿಯನ್ನು.

ಇದಕ್ಕೆ ತಕ್ಕ ಕಾರಣವುಂಟು. ಕೊಮಿತಾಸರು ಹಾಡುಗಳನ್ನು ಬರೆದುಕೊಂಡ ಎಷ್ಟೋ ಹಳ್ಳಿಗಳಲ್ಲಿ ಇಂದು ಆ ಹಾಡನ್ನು ಹಾಡುವವರಿಲ್ಲ. ಆದರೆ ದೂರದೇಶಗಳಲ್ಲಿ ಹುಟ್ಟಿದ ಮಕ್ಕಳು ಆ ಹಾಡುಗಳನ್ನು ಕಲಿತು ಹಾಡುತ್ತಾರೆ. ಅಜ್ಜಿ ಹೇಳಲಾರದೆ ಹೋದ ಊರು ಯಾವುದು, ಅಲ್ಲಿ ನೇಗಿಲು ಹೇಗೆ ಸಾಗುತ್ತಿತ್ತು, ಮದುವಣಗಿತ್ತಿಯನ್ನು ಹೇಗೆ ಕಳುಹಿಸಿಕೊಡುತ್ತಿದ್ದರು ಎಂಬುದು ಅವರಿಗೆ ಆ ಹಾಡುಗಳಿಂದ ತಿಳಿಯುತ್ತದೆ. ತಾಯಿಯನ್ನು ಹಾಡಿನಲ್ಲಿ ಹುಡುಕಿದ ಅನಾಥ ಬಾಲಕನು, ಕೊನೆಗೆ ತನ್ನ ಜನರೆಲ್ಲರೂ ತಮ್ಮ ತಾಯ್ನಾಡನ್ನು ಹಾಡಿನಲ್ಲಿ ಕಾಣುವಂತೆ ಮಾಡಿದನು.

ಸತ್ತವರನ್ನು ನೆನೆಯುವುದು ಹಗೆಯನ್ನು ಬೆಳೆಸುವುದಕ್ಕಲ್ಲ. ಅವರು ಹೇಗೆ ಸತ್ತರೆಂಬುದನ್ನು ಮಾತ್ರವಲ್ಲ, ಹೇಗೆ ಬದುಕಿದ್ದರೆಂಬುದನ್ನೂ ನೆನೆದಾಗಲೇ ಆ ನೆನಪು ಪೂರ್ಣವಾಗುತ್ತದೆ. ಕೊಮಿತಾಸರ ಬಾಳು ಲೋಕಕ್ಕೆ ಕಲಿಸುವ ಪಾಠ ಇದೇ.