ದೇವಳಾಲಿಯ ಗಣಿತ ಮಾಸ್ತರರು

ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಭಾಗದಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ತಮ್ಮ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಮುಂದೆ ಕಾಲೇಜಿಗೆ ಹೋದಾಗ ಮರಾಠಿ, ಇಂಗ್ಲಿಷಿನ ನಡುವೆ ನಮ್ಮ ಕೂಸು ಹಿಂದೆ ಬಿದ್ದೀತೇ ಎಂದು. ಗಣಿತದ ಮಟ್ಟಿಗೆ ಈ ಅಳುಕು ಕಳೆಯಲು ನಮ್ಮದೇ ರಾಜ್ಯದ ಒಬ್ಬ ಶಾಲಾ ಮಾಸ್ತರರ ಬದುಕನ್ನು ತಾವು ತಿಳಿಯಬೇಕು.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ ಅವರು ಹುಟ್ಟಿದ್ದು 1905ರಲ್ಲಿ, ಡಹಾಣೂದಲ್ಲಿ. ತಂದೆ ಕಾರಕೂನರು. ಎಂಟನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡ ಹುಡುಗನಿಗೆ ತಂದೆಯ ಜ್ಯೋತಿಷ್ಯದ ಲೆಕ್ಕಗಳಿಂದ ಅಂಕಿಗಳ ಗೀಳು ಹತ್ತಿತು. ಠಾಣೆಯಲ್ಲಿ ಶಾಲೆ ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು.

ಅವರ ಬದುಕಿಗೆ ದಿಕ್ಕು ಸಿಕ್ಕಿದ್ದು ಅಲ್ಲಿ. ಕೇಂಬ್ರಿಜ್‌ನಲ್ಲಿ ಹೆಸರು ಮಾಡಿ ಬಂದಿದ್ದ ರ‍್ಯಾಂಗ್ಲರ್ ಪರಾಂಜಪೆ ಅವರ ಹೆಸರಿನಲ್ಲಿ ಗಣಿತದ ಒಂದು ಬಹುಮಾನವಿತ್ತು. ಅದು ಪರೀಕ್ಷೆಯ ಅಂಕಗಳಿಗಲ್ಲ, ವಿದ್ಯಾರ್ಥಿ ಸ್ವಂತವಾಗಿ ಮಾಡಿದ ಹೊಸ ಕೆಲಸಕ್ಕೆ. 1927ರಲ್ಲಿ ಆ ಬಹುಮಾನ ಕಾಪ್ರೇಕರರಿಗೆ ಬಂತು. ಆಗ ಅವರಿಗೆ 22 ವರ್ಷ, ಪದವಿ ಇನ್ನೂ ಕೈಗೆ ಬಂದಿರಲಿಲ್ಲ.

1929ರಲ್ಲಿ ಪದವಿ ಮುಗಿಯಿತು. ಮುಂದಿನ ಪದವಿಗೆ ಅವರು ಹೋಗಲಿಲ್ಲ. 1930ರಿಂದ 1962ರವರೆಗೆ ನಾಶಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರಿಕೆ. ಕಾಲೇಜಿನಲ್ಲಿ ಹತ್ತಿದ ಹುಡುಕಾಟದ ರೂಢಿಯನ್ನು ಮಾತ್ರ ಬಿಡಲಿಲ್ಲ. 1946ರಲ್ಲಿ ಅವರಿಗೆ ಸಿಕ್ಕಿದ್ದು 6174. ಇದನ್ನು ಮನೆಯಲ್ಲಿ ಮಗುವಿನ ಜೊತೆ ಮಾಡಿ ನೋಡಿರಿ. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿ ತೆಗೆದುಕೊಳ್ಳಿ, 1, 2, 3, 4 ಎನ್ನೋಣ. ಅವುಗಳಿಂದಾಗುವ ದೊಡ್ಡ ಸಂಖ್ಯೆ 4321ರಲ್ಲಿ ಸಣ್ಣ ಸಂಖ್ಯೆ 1234 ಕಳೆಯಿರಿ, 3087 ಬರುತ್ತದೆ. ಮತ್ತೆ ಹಾಗೆಯೇ 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಕಳೆದರೆ 6174. ಯಾವ ಅಂಕಿಗಳಿಂದ ಹೊರಟರೂ ಹೆಚ್ಚೆಂದರೆ ಏಳು ಸಲದಲ್ಲಿ ಇಲ್ಲಿಗೇ ಬಂದು ನಿಲ್ಲಬೇಕು. ನಾನು ಕನ್ನಡದಲ್ಲೂ ತಮಿಳಿನಲ್ಲೂ ಕಲಿತವನು. ಯಾವ ಭಾಷೆಯಲ್ಲಿ ಕಳೆದರೂ ಉತ್ತರ ಇದೇ.

1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಇದನ್ನು ಮುಂದಿಟ್ಟರು. ದೊಡ್ಡ ಪದವಿಯ ಅನೇಕ ಗಣಿತಜ್ಞರು ಅವರ ಕೆಲಸವನ್ನು ಮಕ್ಕಳಾಟವೆಂದು ಬದಿಗಿಟ್ಟರು. ನಿವೃತ್ತಿಯ ನಂತರ ಪಿಂಚಣಿ ಸಾಲದೆ ಮನೆಪಾಠ ಹೇಳಬೇಕಾಯಿತು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ದೇವಳಾಲಿಯತ್ತ ನೋಡಿತು. 1986ರಲ್ಲಿ ಅವರು ತೀರಿಕೊಂಡರು. 6174ಕ್ಕೆ ಇಂದು ಅವರದೇ ಹೆಸರು.

ಆ ಒಂದು ಬಹುಮಾನವೇ ಎಲ್ಲವನ್ನೂ ಮಾಡಿತೆಂದು ನಾನು ಹೇಳುವುದಿಲ್ಲ. ಆದರೆ ಕಲಿಯುವ ವಯಸ್ಸಿನಲ್ಲಿಯೇ ಸ್ವಂತ ಕೆಲಸಕ್ಕೆ ಬೆಲೆ ಸಿಕ್ಕವನಿಗೆ, ಮುಂದೆ ಯಾರೂ ಬೆಲೆ ಕೊಡದಿದ್ದರೂ ಕೆಲಸ ಮುಂದುವರಿಸುವ ಧೈರ್ಯ ಇರುತ್ತದೆ. ಗಡಿಯ ನಮ್ಮ ಮಕ್ಕಳಿಗೆ ಬೇಕಾದದ್ದು ಆ ಧೈರ್ಯವೇ.

ಆದ್ದರಿಂದ ತಮ್ಮ ಮಗಳೋ ಮಗನೋ ಬಿ.ಎಸ್‌ಸಿ. ಗಣಿತ ಸೇರಿದಾಗ ಅಂಕಗಳೊಂದನ್ನೇ ಕೇಳಬೇಡಿರಿ. ಪುಸ್ತಕದಲ್ಲಿಲ್ಲದ ಯಾವ ಪ್ರಶ್ನೆ ಹಿಡಿದಿರುವೆ ಎಂದೂ ಕೇಳಿರಿ. ಪ್ರಾಧ್ಯಾಪಕರನ್ನು ಕಂಡು, ಮೊದಲ ವರ್ಷದಿಂದಲೇ ಒಂದು ಸಣ್ಣ ಸಂಶೋಧನೆಗೆ ಹಚ್ಚಿರೆಂದು ವಿನಂತಿಸಿರಿ. 1993ರಲ್ಲಿ ಶುರುವಾದ ಎಂ.ಟಿ.ಟಿ.ಎಸ್. ಎಂಬ ಬೇಸಿಗೆಯ ಗಣಿತ ಶಿಬಿರಕ್ಕೆ ಪದವಿ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು. ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್‌ ಕೂಡ ಇದೆ. ಅಷ್ಟರವರೆಗೆ, ಮಗು ವಹಿಯ ಹಿಂದಿನ ಪುಟದಲ್ಲಿ ಅಂಕಿ ಗೀಚುತ್ತ ಕುಳಿತರೆ ಬೈಯಬೇಡಿರಿ. ಏನು ಸಿಕ್ಕಿತೆಂದು ಪಕ್ಕದಲ್ಲಿ ಕುಳಿತು ನೋಡಿರಿ.