ಗುರಿ ತಿದ್ದಿದ ಲ್ಯಾಂಬ್ಟನ್

ಬಂದೂಕಿನ ಮೇಲೆ ಕೂರಿಸುವ ದೂರದರ್ಶಕಕ್ಕೆ ಎರಡು ಪುಟ್ಟ ತಿರುಪುಗಳಿರುತ್ತವೆ. ಮೇಲಿನದು ಗುರಿಯನ್ನು ಮೇಲೆ ಕೆಳಗೆ ಸರಿಸುತ್ತದೆ, ಬದಿಯದು ಎಡಕ್ಕೆ ಬಲಕ್ಕೆ. ತಿರುಗಿಸಿದಂತೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಒಂದು ಟಿಕ್ಕಿಗೆ, ನೂರು ಮೀಟರ್ ದೂರದ ಹಲಗೆಯ ಮೇಲೆ ಗುಂಡು ತಗಲುವ ಜಾಗ ಒಂದು ಸೆಂಟಿಮೀಟರ್ ಸರಿಯುತ್ತದೆ. ಇಂಥ ತಿರುಪು ಏಕೆ ಬೇಕು? ನಳಿಕೆಯ ರೇಖೆಯೂ ಕಣ್ಣಿನ ರೇಖೆಯೂ ತಾವಾಗಿಯೇ ಹೊಂದಿಕೊಳ್ಳುವುದಿಲ್ಲ. ಕಾರ್ಖಾನೆಯಿಂದ ಎಷ್ಟೇ ಅಚ್ಚುಕಟ್ಟಾಗಿ ಬಂದ ಸಲಕರಣೆಯಲ್ಲೂ ಒಂದಿಷ್ಟು ಓರೆ ಉಳಿದಿರುತ್ತದೆ. ನಾಲ್ಕು ಗುಂಡು ಹೊಡೆದು, ಅವು ಬಿದ್ದ ಜಾಗದ ಸರಾಸರಿ ನೋಡಿ, ತಿರುಪನ್ನು ಅಷ್ಟು ತಿರುಗಿಸಿ, ಮತ್ತೆ ಹೊಡೆದು ನೋಡುವುದೇ ಗುರಿಕಾರನ ಮೊದಲ ಕೆಲಸ.

ಈ ತಿರುಪಿನ ಹಿರಿಯ ಸಂಬಂಧಿ ಬಂದೂಕಿನ ಮೇಲಲ್ಲ, ಭೂಮಾಪನದ ಥಿಯೋಡೊಲೈಟ್ ಯಂತ್ರದಲ್ಲಿತ್ತು. ದೂರದರ್ಶಕದೊಳಗಿನ ಕೂಡುಗೆರೆ, ಅದನ್ನು ಕೂದಲೆಳೆಯಷ್ಟು ಸರಿಸುವ ತಿರುಪು, ಓರೆಯನ್ನು ಅಳೆದು ತೆಗೆಯುವ ವಿಧಾನ, ಇವೆಲ್ಲವೂ ಬಂದೂಕಿನ ದೂರದರ್ಶಕಕ್ಕಿಂತ ಮೊದಲೇ ಸರ್ವೇಕಾರರ ಕೈಯಲ್ಲಿ ಪಳಗಿದ್ದವು. ನಮ್ಮ ಬೆಂಗಳೂರಿನ ಬಯಲಿನಲ್ಲಿ ಆ ವಿದ್ಯೆಯನ್ನು ಉಪಖಂಡದ ಪ್ರಮಾಣಕ್ಕೆ ಬೆಳೆಸಲು ಹೊರಟವನು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ. ಪ್ರಪಂಚದ ಅತಿ ಎತ್ತರದ ಶಿಖರಕ್ಕೆ ಆತನ ಉತ್ತರಾಧಿಕಾರಿ ಎವರೆಸ್ಟನ ಹೆಸರು ಬಂದಿತು. ದಾರಿ ಹಾಕಿಕೊಟ್ಟವನನ್ನು ನೆನೆಯುವವರು ಕಡಿಮೆ.

ಲ್ಯಾಂಬ್ಟನ್ 1750ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬಡ ರೈತ ಕುಟುಂಬದಲ್ಲಿ ಹುಟ್ಟಿದ. ಗಣಿತದಲ್ಲಿದ್ದ ಜಾಣ್ಮೆಯೇ ಆತನಿಗೆ ಓದನ್ನೂ, ಬಳಿಕ ಸೈನ್ಯದ ಕೆಳಹಂತದ ಅಧಿಕಾರವನ್ನೂ ದೊರಕಿಸಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದು 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೆರೆಯಾದ. ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹತ್ತಾರು ವರ್ಷ ಬ್ಯಾರಕ್ಕುಗಳ ಮೇಲ್ವಿಚಾರಣೆಯ ಸಾಮಾನ್ಯ ಹುದ್ದೆಯಲ್ಲಿ ಕಳೆದ. ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡನೆಂದು ಆತನ ಜೀವನವನ್ನು ಬರೆದವರು ಹೇಳುತ್ತಾರೆ. ಪದೋನ್ನತಿಯ ಆಸೆ ಬತ್ತಿಹೋಗಿದ್ದ ಆ ವರ್ಷಗಳಲ್ಲಿ ಆತ ಓದಿದ್ದು ಖಗೋಳ ಮತ್ತು ರೇಖಾಗಣಿತ. ನಲವತ್ತು ದಾಟಿದ ಮೇಲೆ ತನ್ನ 33ನೆಯ ರೆಜಿಮೆಂಟಿನ ಜೊತೆ ಭಾರತಕ್ಕೆ ಬಂದ. ಆ ರೆಜಿಮೆಂಟಿನ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ.

ಆ ಕಾಲದ ಬ್ರಿಟಿಷ್ ಸಿಪಾಯಿಯ ಬಂದೂಕಿಗೆ ಗುರಿದರ್ಶಕ ಎಂದು ಹೇಳುವಂಥದ್ದೇನೂ ಇರಲಿಲ್ಲ. ತುದಿಯಲ್ಲಿ ಬಾಕು ಸಿಕ್ಕಿಸುವ ಉಬ್ಬೊಂದೇ ಕಣ್ಣಿಗೆ ಆಧಾರ. ಸಾಲಾಗಿ ನಿಂತು ಎದುರಿನ ಗುಂಪಿನತ್ತ ಹೊಡೆಯುವುದು ಯುದ್ಧದ ಪದ್ಧತಿ. ಅಂಥ ಸೈನ್ಯದಲ್ಲಿ ನಿಖರತೆಯ ಹುಚ್ಚಿದ್ದವನೊಬ್ಬ ಹೇಗೆ ಉಪಯೋಗಕ್ಕೆ ಬಂದನೆಂಬುದಕ್ಕೆ ನಾಲ್ಕನೆಯ ಮೈಸೂರು ಯುದ್ಧದ ಒಂದು ಪ್ರಸಂಗವಿದೆ. 1799ರ ಏಪ್ರಿಲ್ ತಿಂಗಳ ಒಂದು ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ಸಾಗುತ್ತಿತ್ತು. ತುಕಡಿ ದಕ್ಷಿಣಕ್ಕಲ್ಲ, ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದೆ ಎಂದು ಲ್ಯಾಂಬ್ಟನ್ ನಕ್ಷತ್ರಗಳನ್ನು ನೋಡಿ ತಿಳಿಸಿದ. ಬೇರ್ಡ್ ಮೊದಲು ಒಪ್ಪಲಿಲ್ಲ. ದೀಪ ಹೊತ್ತಿಸಿ ದಿಕ್ಸೂಚಿ ನೋಡಿದಾಗ ನಕ್ಷತ್ರಗಳೇ ಸರಿಯೆಂದು ತಿಳಿಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಗೆದ್ದವರಿಗೆ ಈಗ ಗೆದ್ದ ನಾಡಿನ ನಕ್ಷೆ ಬೇಕಾಗಿತ್ತು.

ಅಲ್ಲಿಯವರೆಗಿನ ನಕ್ಷೆಗಳು ಬಹುಮಟ್ಟಿಗೆ ದಾರಿ ನಡೆದವರ ಲೆಕ್ಕದಿಂದ ಹುಟ್ಟಿದವು. ಲ್ಯಾಂಬ್ಟನ್ ಸೂಚಿಸಿದ ವಿಧಾನ ಬೇರೆ. ನೆಲದ ಮೇಲೆ ಒಂದು ಆಧಾರರೇಖೆಯನ್ನು ಅತ್ಯಂತ ಎಚ್ಚರಿಕೆಯಿಂದ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಗುರಿಯಿಟ್ಟು ಕೋನಗಳನ್ನು ತೆಗೆದುಕೊಳ್ಳುವುದು. ಆಗ ತ್ರಿಕೋನದ ಉಳಿದ ಎರಡು ಭುಜಗಳು ಗಣಿತದಿಂದ ದೊರೆಯುತ್ತವೆ. ಆ ಭುಜಗಳೇ ಮುಂದಿನ ತ್ರಿಕೋನಗಳಿಗೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತ ಸಮುದ್ರದಿಂದ ಸಮುದ್ರದವರೆಗೆ ಬಲೆ ನೇಯಬಹುದು. ಅಷ್ಟೇ ಅಲ್ಲ, ಭೂಮಿಯ ಆಕಾರವನ್ನೂ ಅದರಿಂದ ಲೆಕ್ಕ ಹಾಕಬಹುದು. ವೆಲ್ಲೆಸ್ಲಿಯ ಬೆಂಬಲದೊಂದಿಗೆ 1800ರಲ್ಲಿ ಮದರಾಸು ಸರ್ಕಾರದ ಒಪ್ಪಿಗೆ ದೊರೆಯಿತು.

ಆ ವರ್ಷದ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಬೆಂಗಳೂರಿನ ಬಯಲಿನಲ್ಲಿ ಸುಮಾರು 7.4 ಮೈಲಿ ಉದ್ದದ ರೇಖೆಯನ್ನು ಅಳೆಯಲಾಯಿತು. ಅದಕ್ಕೆ ಬಳಸಿದ ನೂರು ಅಡಿಯ ಉಕ್ಕಿನ ಸರಪಳಿಗೂ ಒಂದು ಕಥೆಯಿದೆ. ಅದು ಚೀನಾದ ಚಕ್ರವರ್ತಿಗೆಂದು ಬ್ರಿಟಿಷ್ ರಾಯಭಾರಿ ಒಯ್ದ ಉಡುಗೊರೆಗಳಲ್ಲೊಂದಾಗಿತ್ತು. ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದು ಲ್ಯಾಂಬ್ಟನ್ನನ ಕೈಸೇರಿತು. ಸರಪಳಿಯನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಮರದ ಉದ್ದನೆಯ ಪೆಟ್ಟಿಗೆಗಳಲ್ಲಿ ಮಲಗಿಸಿ, ತಿರುಪುಗಳಿಂದ ಮಟ್ಟ ಸರಿಪಡಿಸಿ, ತುದಿಗೆ ತೂಕ ಕಟ್ಟಿ ಒಂದೇ ಬಿಗಿಯಲ್ಲಿ ಹಿಡಿದು, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಓದುತ್ತಿದ್ದರು. ಏಕೆಂದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಒಂದು ಫ್ಯಾರನ್‌ಹೀಟ್ ಡಿಗ್ರಿಗೆ ನೂರು ಅಡಿಯ ಉಕ್ಕು ಹಿಗ್ಗುವುದು ಅಂಗುಲದ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಅದೇ ಸರಪಳಿಯನ್ನು ಸುಮಾರು 392 ಬಾರಿ ಹಾಸಿದಾಗ ಆ ಅಲ್ಪವೇ ಮೂರು ಅಂಗುಲದ ಸಮೀಪಕ್ಕೆ ಬರುತ್ತದೆ. ಲ್ಯಾಂಬ್ಟನ್ ಈ ದೋಷವನ್ನು ಇಲ್ಲವೆಂದು ಭಾವಿಸಲಿಲ್ಲ. ಅದನ್ನು ಅಳೆದು ಲೆಕ್ಕದಿಂದ ಕಳೆದ.

ಕೋನಗಳನ್ನು ಅಳೆಯುವ ದೊಡ್ಡ ಥಿಯೋಡೊಲೈಟನ್ನು ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ್ದ. ಅಡ್ಡಚಕ್ರದ ವ್ಯಾಸ ಮೂರು ಅಡಿ, ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಸಮುದ್ರದಲ್ಲೇ ಹಿಡಿದು ಮಾರಿಷಸ್‌ಗೆ ಒಯ್ದರು. ಅದು ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಗೌರವದೊಂದಿಗೆ ಮದರಾಸಿಗೆ ಕಳುಹಿಸಿಕೊಟ್ಟ. ಇದರ ದೂರದರ್ಶಕ ಮತ್ತು ಇಂದಿನ ಬಂದೂಕಿನ ದೂರದರ್ಶಕದ ನಡುವಿನ ಅಂತರ ಮುಖ್ಯವಾಗಿ ಸೂಕ್ಷ್ಮತೆಯದು. ಬಂದೂಕಿನವನು ಕೋನದ ಒಂದು ನಿಮಿಷದ ಕಾಲುಭಾಗವನ್ನೋ ಮೂರನೆಯ ಭಾಗವನ್ನೋ ಒಂದು ಟಿಕ್ಕಿನಲ್ಲಿ ಸರಿಸುತ್ತಾನೆ. ಭೂಮಾಪಕ ಗಣಿಸುತ್ತಿದ್ದುದು ನಿಮಿಷದ ಅರವತ್ತನೆಯ ಒಂದು ಭಾಗವಾದ ಸೆಕೆಂಡುಗಳನ್ನು. ಅರವತ್ತು ಮೈಲಿ ದೂರದ ಬೆಟ್ಟದ ಬಾವುಟಕ್ಕೆ ಗುರಿಯಿಟ್ಟಾಗ ಒಂದು ಸೆಕೆಂಡಿನ ಓರೆಯೆಂದರೆ ಅಲ್ಲಿ ಒಂದು ಮೊಳದ ವ್ಯತ್ಯಾಸ.

ಇಬ್ಬರ ಉಪಾಯಗಳೂ ಒಂದೇ ಬಗೆಯವು. ತಿರುಪಿನ ಹಲ್ಲುಗಳ ನಡುವೆ ಸಡಿಲವಿರುವುದರಿಂದ ಕೊನೆಯ ತಿರುವನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಮುಗಿಸಬೇಕು. ಇದು ಗುರಿಕಾರನಿಗೂ ಗೊತ್ತು, ಸರ್ವೇಕಾರನಿಗೂ ಗೊತ್ತು. ಸರ್ವೇಕಾರನ ಬಳಿ ಇನ್ನೊಂದು ಉಪಾಯವೂ ಉಂಟು. ದೂರದರ್ಶಕವನ್ನು ತಲೆಕೆಳಗು ಮಾಡಿ, ಅದೇ ಗುರಿಯನ್ನು ಎರಡನೆಯ ಮುಖದಿಂದ ನೋಡಿ, ಎರಡು ಓದುಗಳ ಸರಾಸರಿ ತೆಗೆಯುವುದು. ಒಂದು ಮುಖದಲ್ಲಿ ಎಡಕ್ಕೆ ಬಂದ ಓರೆ ಮತ್ತೊಂದರಲ್ಲಿ ಬಲಕ್ಕೆ ಬಂದು ಎರಡೂ ಅಳಿದುಹೋಗುತ್ತವೆ.

ಮದರಾಸಿನ ಬಳಿ ಸೇಂಟ್ ಥಾಮಸ್ ಬೆಟ್ಟದ ಹತ್ತಿರ 1802ರಲ್ಲಿ ಹೊಸ ಆಧಾರರೇಖೆ ಹಾಕಿ ಲ್ಯಾಂಬ್ಟನ್ ಪಶ್ಚಿಮಕ್ಕೆ ತ್ರಿಕೋನಗಳನ್ನು ಬೆಳೆಸುತ್ತ ಬಂದ. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ನೆಲವನ್ನು ಅಳೆಸಿ, ಮದರಾಸಿನಿಂದ ಬಂದ ಲೆಕ್ಕದೊಡನೆ ಹೋಲಿಸಿದಾಗ ಏಳು ಮೈಲಿಗೂ ಮಿಕ್ಕಿದ ಉದ್ದದಲ್ಲಿ ಕಂಡ ವ್ಯತ್ಯಾಸ 3.7 ಅಂಗುಲ. ಸರಪಳಿಯ ಶಾಖವನ್ನು ಒಂದೂಕಾಲು ಡಿಗ್ರಿಯಷ್ಟು ತಪ್ಪಾಗಿ ಓದಿದ್ದರೂ ಇಷ್ಟು ಅಂತರ ಬರುತ್ತಿತ್ತು. ಸಾವನದುರ್ಗದಂಥ ನಮ್ಮ ಬೆಟ್ಟಗಳನ್ನು ಬಳಸಿಕೊಂಡು ಬಲೆ ಮಂಗಳೂರಿನ ಕಡಲನ್ನು ಮುಟ್ಟಿದಾಗ, ಪರ್ಯಾಯ ದ್ವೀಪದ ಅಗಲ ನಕ್ಷೆಗಳಲ್ಲಿದ್ದ 400 ಮೈಲಿಯಲ್ಲ, 360 ಮೈಲಿ ಎಂದು ತಿಳಿಯಿತು. ನಲವತ್ತು ಮೈಲಿ ಅಗಲದ ನಾಡು ಕಾಗದದ ಮೇಲೆ ಮಾತ್ರ ಇತ್ತು.

ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಈ ಕಥೆಯಲ್ಲಿ ಅತ್ಯಂತ ಪರಿಚಿತನಾಗಿ ಕಾಣುವವನು ಮದರಾಸಿನ ಹಣಕಾಸು ಸಮಿತಿಯ ಒಬ್ಬ ಸದಸ್ಯ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯವರಿಗೆ ಹೇಳಿದರೆ ಸಾಕು, ಅವರೇ ಮುಟ್ಟಿಸುತ್ತಾರೆ, ಅದಕ್ಕೆ ಇಷ್ಟು ದುಬಾರಿಯ ಸರ್ವೇ ಏಕೆ ಎಂಬುದು ಆತನ ವಾದ. ಇದು ಮೂರ್ಖನ ವಾದವಲ್ಲ. ಆ ದಿನದ ಮಟ್ಟಿಗೆ ಪಲ್ಲಕ್ಕಿಯವರು ಸರಿಯಾಗಿಯೇ ಮುಟ್ಟಿಸುತ್ತಿದ್ದರು. ನಿಖರತೆಯ ವೆಚ್ಚ ಈ ವರ್ಷದ ಪುಸ್ತಕದಲ್ಲಿ ಬೀಳುತ್ತದೆ, ಅದರ ಲಾಭ ಇನ್ನೂ ಹುಟ್ಟದವರ ಖಾತೆಗೆ ಸೇರುತ್ತದೆ. ಹಾಗಾಗಿ ಅದರ ಪರ ಮಾತನಾಡುವವರು ಸಭೆಯಲ್ಲಿ ಇರುವುದಿಲ್ಲ. ಇಂಗ್ಲೆಂಡಿನ ರಾಜ ಖಗೋಳಜ್ಞ ಮ್ಯಾಸ್ಕೆಲಿನ್‌ನ ಬೆಂಬಲ ದೊರೆತು ಕೆಲಸ ಉಳಿಯಿತು.

ನಿಜವಾದ ಪರೀಕ್ಷೆ ಬಂದದ್ದು 1808ರಲ್ಲಿ, ತಂಜಾವೂರಿನಲ್ಲಿ. ಬಯಲು ಸೀಮೆಯಲ್ಲಿ ಬೆಟ್ಟಗಳಿಲ್ಲದೆ ದೇವಾಲಯದ ಗೋಪುರಗಳನ್ನೇ ಆಶ್ರಯಿಸಬೇಕಾಯಿತು. ಬೃಹದೀಶ್ವರ ದೇವಾಲಯದ ವಿಮಾನದ ಮೇಲಕ್ಕೆ ಥಿಯೋಡೊಲೈಟನ್ನು ಎತ್ತುತ್ತಿದ್ದಾಗ ಹಗ್ಗ ಕಡಿದು ಯಂತ್ರ ಗೋಡೆಗೆ ಅಪ್ಪಳಿಸಿತು. ಪೆಟ್ಟು ಬಿದ್ದದ್ದು ಸೂಕ್ಷ್ಮ ಚಲನೆಯ ತಿರುಪಿನ ಭಾಗಕ್ಕೆ. ಅಡ್ಡಚಕ್ರವೂ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಲ್ಯಾಂಬ್ಟನ್ ಯಂತ್ರವನ್ನು ಬಿಚ್ಚಿ ಡೇರೆಯೊಳಗೆ ಕುಳಿತ. ಕುಶಲಕರ್ಮಿಗಳನ್ನು ಬಿಟ್ಟು ಇತರರನ್ನು ಒಳಗೆ ಬಿಡಲಿಲ್ಲ. ಹಲಗೆಯ ಮೇಲೆ ಚಕ್ರದ ಸರಿಯಾದ ಅಳತೆಯ ವೃತ್ತವನ್ನು ಬರೆದು, ಬೆಣೆ, ತಿರುಪು, ರಾಟೆಗಳಿಂದ ಲೋಹವನ್ನು ದಿನಕ್ಕಿಷ್ಟೆಂದು ಎಳೆದು ಎಳೆದು ಆ ಗೆರೆಗೆ ತಂದ. ಆರು ವಾರ ಹಿಡಿಯಿತು. ಆ ಯಂತ್ರವೇ ಮತ್ತೆ ಬೆಟ್ಟ ಹತ್ತಿತು.

ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಹೊರಟ ಮಹಾಚಾಪ 1815ರ ಹೊತ್ತಿಗೆ ಬೀದರ್ ಸೀಮೆಯನ್ನು ಮುಟ್ಟಿತ್ತು. 1818ರಲ್ಲಿ ಈ ಕೆಲಸಕ್ಕೆ ಮಹಾ ತ್ರಿಕೋನಮಿತಿ ಸರ್ವೇ ಎಂಬ ಹೆಸರು ಬಂದಿತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಸಹಾಯಕನಾಗಿ ಬಂದ. 1823ರ ಜನವರಿ 20ರಂದು, ಎಪ್ಪತ್ತರ ಆಸುಪಾಸಿನಲ್ಲಿ, ನಾಗಪುರಕ್ಕೆ ಹೋಗುವ ದಾರಿಯಲ್ಲಿ ಹಿಂಗಣಘಾಟಿನಲ್ಲಿ ಲ್ಯಾಂಬ್ಟನ್ ಕೊನೆಯುಸಿರೆಳೆದ. ಭಾರತಕ್ಕೆ ಬಂದ ಮೇಲೆ ಆತ ಮತ್ತೆ ತಾಯ್ನಾಡನ್ನು ನೋಡಲಿಲ್ಲ.

ಆತನ ವಿದ್ಯೆ ಎರಡು ದಿಕ್ಕಿನಲ್ಲಿ ಹರಿಯಿತು. ಕೆಲಕಾಲ ಸಹಾಯಕನಾಗಿದ್ದ ಹೆನ್ರಿ ಕೇಟರ್ ಇಂಗ್ಲೆಂಡಿಗೆ ಮರಳಿ, ದೂರದರ್ಶಕದ ರೇಖೆಯ ಓರೆಯನ್ನು ಪತ್ತೆಹಚ್ಚುವ ತೇಲುವ ಕಾಲಿಮೇಟರ್ ಎಂಬ ಸಾಧನವನ್ನು 1825ರಲ್ಲಿ ಪ್ರಕಟಿಸಿದ. ಇಂದು ಗುಂಡು ಹಾರಿಸದೆಯೇ ಬಂದೂಕಿನ ದೂರದರ್ಶಕವನ್ನು ನಳಿಕೆಗೆ ಹೊಂದಿಸಿ ನೋಡಲು ಬಳಸುವ ಸಾಧನಗಳಲ್ಲಿ ಒಂದರ ಹೆಸರೂ ಕಾಲಿಮೇಟರ್ ಎಂದೇ. ಇತ್ತ ಎವರೆಸ್ಟನ ಕಾಲದಲ್ಲಿ ಸೂಕ್ಷ್ಮ ಯಂತ್ರಗಳ ದುರಸ್ತಿಯ ಹೊಣೆ ಆರ್ಕಾಟಿನ ಮೂಲದ ಸೈಯದ್ ಮೀರ್ ಮೊಹ್ಸಿನ್ ಹುಸೇನ್‌ಗೆ ಬಂದಿತು. ಆತನ ಹೆಸರಾದರೂ ಉಳಿದಿದೆ. ಸರಪಳಿ ಹೊತ್ತವರು, ಬೆಟ್ಟದ ನೆತ್ತಿಯಲ್ಲಿ ಬಾವುಟ ಹಿಡಿದು ವಾರಗಟ್ಟಲೆ ಕಾದವರು, ಕಾಡುಜ್ವರಕ್ಕೆ ಬಲಿಯಾದವರು ಯಾವ ನಕ್ಷೆಯಲ್ಲೂ ಇಲ್ಲ. ಸರ್ವೇ ಗೆದ್ದವರ ಆಡಳಿತಕ್ಕಾಗಿ, ಗೆದ್ದ ನೆಲದ ಮೇಲೆ ನಡೆಯಿತೆಂಬುದನ್ನೂ ಮರೆಯಬೇಕಾಗಿಲ್ಲ. ಆದರೂ ಆಮೇಲಿನ ರಸ್ತೆ, ರೈಲು, ನಾಲೆಗಳ ನಕ್ಷೆಗಳು ಆ ಬಲೆಯ ಮೇಲೆಯೇ ನಿಂತವು. ನಾನು ವಾಸಿಸುವ ವಿಶ್ವೇಶ್ವರಪುರಂಗೆ ಹೆಸರು ಕೊಟ್ಟ ಮಹಾ ಎಂಜಿನಿಯರರ ತಲೆಮಾರಿಗೆ ನಂಬಬಹುದಾದ ನಕ್ಷೆ ಸಿದ್ಧವಾಗಿ ದೊರೆತದ್ದು ಹೀಗೆ.

ಅಂಥ ಪರಂಪರೆಯನ್ನು ನಾವು ಹೇಗೆ ನೋಡಿಕೊಂಡಿದ್ದೇವೆ? ಬೆಂಗಳೂರಿನ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಈ ಸರ್ವೇಗೆ ಸೇರಿದ ಹಳೆಯ ವೀಕ್ಷಣಾ ಕಟ್ಟಡವೊಂದು 2024ರಲ್ಲಿ ನೆಲಸಮವಾಯಿತು. ಕಟ್ಟಡ ಹೋದದ್ದು ದುಃಖದ ಸಂಗತಿ. ಅದಕ್ಕಿಂತ ದೊಡ್ಡ ನಷ್ಟ ಆ ಕಟ್ಟಡ ಪ್ರತಿನಿಧಿಸುತ್ತಿದ್ದ ಮನೋಭಾವದ್ದು. ನಾನು ಸೇವೆಯಲ್ಲಿದ್ದ ಕಾಲದಲ್ಲಿ ಹೊಸ ಉಪಕರಣಕ್ಕೆ ಹಣ ಸುಲಭವಾಗಿ ಸಿಗುತ್ತಿತ್ತು, ಏಕೆಂದರೆ ಅದಕ್ಕೆ ಉದ್ಘಾಟನೆಯುಂಟು. ಇರುವ ಉಪಕರಣವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಸರಿಪಡಿಸಲು ಕೇಳಿದ ಅಲ್ಪ ಮೊತ್ತ ಮೊದಲ ಕಡಿತಕ್ಕೇ ಬಲಿಯಾಗುತ್ತಿತ್ತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋದಾಗಲೂ ಆದದ್ದು ಇದೇ. ಪಡಿತರದಿಂದ ಹಿಡಿದು ಎಷ್ಟೋ ಯೋಜನೆಗಳು ವರ್ಷಾನುಗಟ್ಟಲೆ 2011ರ ಅಂಕಿಗಳನ್ನೇ ಗುರಿಯಾಗಿಟ್ಟುಕೊಂಡು ನಡೆದವು. ಜನರು ಅಷ್ಟರಲ್ಲಿ ಬೇರೆಡೆಗೆ ಸರಿದಿದ್ದರು.

2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಎಲ್ಲೆಯನ್ನು ಡ್ರೋನ್ ಗುರುತಿಸುತ್ತದೆ. ಸಂತೋಷವೇ. ಆದರೆ ಡ್ರೋನ್ ತೆಗೆದ ಚಿತ್ರವನ್ನು ನೆಲದ ಮೇಲಿನ ಗುರುತಿಗೆ ಹೊಂದಿಸಿ ನೋಡುವ ಸರ್ವೇಯರ್ ಇಲ್ಲದಿದ್ದರೆ ಒಂದು ಮೊಳದ ಓರೆ ಇಬ್ಬರು ಅಣ್ಣತಮ್ಮಂದಿರನ್ನು ಇಪ್ಪತ್ತು ವರ್ಷ ನ್ಯಾಯಾಲಯಕ್ಕೆ ಅಲೆಸಬಲ್ಲದು. ಲ್ಯಾಂಬ್ಟನ್ ಬೆಂಗಳೂರಿನ ನೆಲವನ್ನು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಬಾರಿ ಅಳೆಸಿದ. ಎರಡನೆಯ ಅಳತೆಗೆ ಹಣ ಕೊಡುವ ಬುದ್ಧಿ ಅಂದಿನ ಸರ್ಕಾರಕ್ಕಿತ್ತು. ಇಂದಿನ ಮುಂಗಡಪತ್ರಗಳಲ್ಲಿ ನಾನು ಮೊದಲು ಹುಡುಕುವುದು ಆ ಬಾಬತ್ತನ್ನೇ.